ಆಟೋಕ್ರಾಸ್ ಲಾಂಚ್

ಆಟೋಕ್ರಾಸ್ ಸ್ಪರ್ಧೆಯಲ್ಲಿ ಸ್ಟಾರ್ಟ್ ಗೆರೆಯ ಹಿಂದೆ ನಿಂತ ಕಾರನ್ನು ಆದಷ್ಟು ಬೇಗ ವೇಗಕ್ಕೆ ತರುವ ಕ್ರಮಕ್ಕೆ ಲಾಂಚ್ ಎಂದು ಹೆಸರು. ಬಯಲಿನಲ್ಲಿ ಕೋನ್ ಇಟ್ಟು ಗುರುತು ಮಾಡಿದ ಗಿಡ್ಡ ಟ್ರ್ಯಾಕಿನಲ್ಲಿ ಸಾಮಾನ್ಯವಾಗಿ ಒಂದೊಂದೇ ಕಾರು ಓಡುತ್ತದೆ; ಕಡಿಮೆ ಸಮಯದಲ್ಲಿ ಮುಗಿಸಿದವರು ಗೆಲ್ಲುತ್ತಾರೆ. ಅಮೆರಿಕದಲ್ಲಿ ಇದು ಡಾಂಬರು, ಕಾಂಕ್ರೀಟ್ ಅಂಗಳದ ಆಟ. ಕರ್ನಾಟಕದಲ್ಲಿ ಹೆಚ್ಚಾಗಿ ಮಣ್ಣಿನದು. ಈ ವ್ಯತ್ಯಾಸ ತಿಳಿಯದೆ ಹೊರದೇಶದ ವಿಡಿಯೊ ನೋಡಿ ಲಾಂಚ್ ಕಲಿತವರ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ.

ಮಣ್ಣಿನ ಮೇಲಿನ ಈ ಓಟ ಘಾಟಿಯ ಕೆಳಗಿನ ಊರುಗಳಿಗೂ ದೂರದ್ದಲ್ಲ. ಬೆಳ್ತಂಗಡಿ ತಾಲ್ಲೂಕಿನ ಮುಂಡಾಜೆ ಇರುವುದು ಉಜಿರೆ ಮತ್ತು ಚಾರ್ಮಾಡಿಯ ನಡುವೆ, ರಾಷ್ಟ್ರೀಯ ಹೆದ್ದಾರಿ 73ರಲ್ಲಿ. ಇದೇ ರಸ್ತೆ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆಯ ಕಡೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಚಿಕ್ಕಮಗಳೂರು. ಅಲ್ಲಿನ ಕಾಫಿ ತೋಟದ ಮಣ್ಣುಹಾದಿಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಡೆದಿದೆ. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಗೌರವ್ ಗಿಲ್ ಕಾರು ಓಡಿಸಿದ್ದೂ ಅಲ್ಲೇ. ಘಾಟಿಯ ಕೆಳಗಿನವರಿಗೆ ಲಾಂಚ್ ಎಂಬ ಹೆಸರು ಹೊಸದಿರಬಹುದು, ಅದರ ಹಿಂದಿನ ಕಷ್ಟ ಹೊಸದಲ್ಲ. ಮಳೆಗಾಲದಲ್ಲಿ ಅಡಿಕೆ ತೋಟದ ಏರುಹಾದಿಯಲ್ಲಿ ಹೇರು ತುಂಬಿದ ಜೀಪನ್ನು ನಿಂತಲ್ಲಿಂದ ಎಬ್ಬಿಸುವ ಡ್ರೈವರ್‌ಗೆ ಎದುರಾಗುವುದೂ ಇದೇ ಕಷ್ಟ.

ಎಂಜಿನ್ ನಿಲ್ಲದೆ ತಿರುಗುತ್ತಿರಬೇಕು, ಚಕ್ರ ನಿಂತಿದೆ. ಈ ಎರಡರ ವೇಗ ಸರಿಹೊಂದುವವರೆಗೆ ಎಲ್ಲೋ ಒಂದು ಕಡೆ ಜಾರಲೇಬೇಕು. ಜಾರುವುದು ಕ್ಲಚ್ ಆಗಬಹುದು ಅಥವಾ ಟಯರ್ ಆಗಬಹುದು. ಎರಡೂ ಜಾರದಂತೆ ಹಿಡಿದರೆ ಎಂಜಿನ್ ಆಫ್ ಆಗುತ್ತದೆ, ಇಲ್ಲವೇ ಆ್ಯಕ್ಸಲ್ ಮುರಿಯುತ್ತದೆ.

ಕ್ಲಚ್ ಜಾರಿದಾಗ ಆಗುವ ಬಿಸಿಯನ್ನು ಸುಮಾರಾಗಿ ಲೆಕ್ಕ ಹಾಕಬಹುದು. ಎಂಜಿನ್ ವೇಗ ಒಂದೇ ಮಟ್ಟದಲ್ಲಿದ್ದು ಟಯರ್ ಜಾರದಿದ್ದರೆ, ಕಾರು ಗಳಿಸಿದ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್‌ನಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. 1,000 ಕೆ.ಜಿ. ತೂಕದ ಕಾರು ಮೊದಲ ಗೇರಿನಲ್ಲಿ 3,000 ಆರ್‌ಪಿಎಂಗೆ ಗಂಟೆಗೆ 22 ಕಿ.ಮೀ. ಹೋಗುತ್ತದೆ ಎಂದಿಟ್ಟುಕೊಂಡರೆ ಆ ಬಿಸಿ ಸುಮಾರು 19 ಕಿಲೋಜೌಲ್. ಅದೇ ಕಾರನ್ನು 6,000 ಆರ್‌ಪಿಎಂನಲ್ಲಿ ಎಬ್ಬಿಸಿದರೆ 75 ಕಿಲೋಜೌಲ್. ರೇಸ್ ಎರಡು ಪಟ್ಟು ಕೊಟ್ಟರೆ ಬಿಸಿ ನಾಲ್ಕು ಪಟ್ಟು! ಹಾಫ್ ಕ್ಲಚ್‌ನಲ್ಲಿ ಹೆಚ್ಚು ಹೊತ್ತು ಹಿಡಿದವನ ಕಾರಿನಿಂದ ಬರುವ ಸುಟ್ಟ ವಾಸನೆಗೆ ಕಾರಣ ಈ ಬಿಸಿಯೇ.

ಹಾಗೆಂದು ಕ್ಲಚ್ ಪೆಡಲಿನಿಂದ ಕಾಲನ್ನು ಒಮ್ಮೆಲೇ ತೆಗೆದರೆ ಬಿಸಿ ತಗ್ಗುತ್ತದೆ, ಹೊಡೆತ ಏರುತ್ತದೆ. ಫ್ಲೈವೀಲ್‌ನಲ್ಲಿ ಕೂಡಿದ್ದ ಶಕ್ತಿಯೆಲ್ಲ ಗೇರ್‌ಬಾಕ್ಸಿಗೆ ಒಂದೇಟಿಗೆ ನುಗ್ಗುತ್ತದೆ. ಮೊದಲ ಗೇರ್ 3.5, ಡಿಫರೆನ್ಷಿಯಲ್ 4.1 ಅನುಪಾತದ ಕಾರಿನಲ್ಲಿ ಎಂಜಿನ್ನಿನ ತಿರುಚುಬಲ ಆ್ಯಕ್ಸಲ್ ಮುಟ್ಟುವಾಗ 14 ಪಟ್ಟು ದಾಟಿರುತ್ತದೆ. ಗೇರಿನ ಹಲ್ಲು, ಕ್ರೌನ್ ಪಿನಿಯನ್, ಸಿವಿ ಜಾಯಿಂಟ್, ಎಂಜಿನ್ ಮೌಂಟಿಂಗ್ ಇವುಗಳಲ್ಲಿ ದುರ್ಬಲವಾದದ್ದು ಮೊದಲು ಸೋಲುತ್ತದೆ.

ಮಣ್ಣಿನ ಟ್ರ್ಯಾಕ್ ಇಲ್ಲಿ ನೆರವಿಗೆ ಬರುತ್ತದೆ. ಹಿಡಿತ ಕಡಿಮೆ ಇರುವುದರಿಂದ ಟಯರ್ ಬೇಗ ಜಾರಿ, ವಿದ್ಯುತ್ ಫ್ಯೂಸಿನಂತೆ ಒಳಗಿನ ಭಾಗಗಳನ್ನು ಕಾಯುತ್ತದೆ. ಆದ್ದರಿಂದ ಮಣ್ಣಿನಲ್ಲಿ ಹೆಚ್ಚು ರೇಸ್ ಬೇಡ. ಸುಮಾರು 2,000ದಿಂದ 3,000 ಆರ್‌ಪಿಎಂನಲ್ಲಿ ಕ್ಲಚ್ ಕಚ್ಚುವ ಜಾಗಕ್ಕೆ ತಂದು, ಕಾರು ಅಲುಗಿದ ಕೂಡಲೇ ಪೂರ್ತಿ ಬಿಟ್ಟುಬಿಡಬೇಕು. ಅಲ್ಲಿಂದ ಮುಂದೆ ಜಾರಿಕೆಯನ್ನು ಆಳಬೇಕಾದ್ದು ಆಕ್ಸಲರೇಟರ್. ಡಾಂಬರಿನಲ್ಲಿ ಟಯರ್ ಸುಲಭವಾಗಿ ಸೋಲದ ಕಾರಣ ಕ್ಲಚ್ಚನ್ನು ಒಂದೆರಡು ಸೆಕೆಂಡ್ ಜಾರಿಸಿಯೇ ಬಿಡಬೇಕಾಗುತ್ತದೆ.

ಕರಾವಳಿಯ ಕೆಂಪು ನೆಲದಲ್ಲಿ ಒಂದು ಅಪಾಯ ಅಡಗಿದೆ. ಒದ್ದೆ ಮಣ್ಣಿನಲ್ಲಿ ಗಿರಗಿರನೆ ತಿರುಗುವ ಚಕ್ರ ನೆಲವನ್ನು ಕೊರೆಯುತ್ತ ಅಡಿಯ ಮುರಕಲ್ಲಿಗೆ ತಾಗುತ್ತದೆ. ತಾಗಿದ ಕ್ಷಣ ಹಿಡಿತ ಒಮ್ಮೆಲೇ ಸಿಕ್ಕಿ ಶಾಫ್ಟ್ ಮುರಿಯಬಹುದು. ಚಕ್ರ ಕುಪ್ಪಳಿಸತೊಡಗಿದರೂ ಇಂಥದೇ ಹೊಡೆತ. ಲೀಫ್ ಸ್ಪ್ರಿಂಗ್ ಇರುವ ಮಾರುತಿ ಜಿಪ್ಸಿಯಂಥ ಗಾಡಿಗಳಲ್ಲಿ ಹಿಂದಿನ ಆ್ಯಕ್ಸಲ್ ತಿರುಚಿಕೊಂಡು ಹೀಗೆ ಕುಪ್ಪಳಿಸುವುದುಂಟು. ಆಗ ಆಕ್ಸಲರೇಟರನ್ನು ಸ್ವಲ್ಪ ಸಡಿಲಿಸಲೇಬೇಕು. ಜಿಪ್ಸಿಯ ಫೋರ್ ವೀಲ್ ಡ್ರೈವ್‌ಗೆ ನಡು ಡಿಫರೆನ್ಷಿಯಲ್ ಇಲ್ಲ. ಗಟ್ಟಿ ನೆಲದಲ್ಲಿ ಫೋರ್ ವೀಲ್ ಡ್ರೈವ್ ಹಾಕಿ ತಿರುವು ತೆಗೆದರೆ ಒಳಗೆ ಬಿಗಿತ ಕೂಡುತ್ತದೆ. ಎಸ್ಟೀಮ್‌ನಂಥ ಮುಂಚಕ್ರ ಎಳೆಯುವ ಕಾರುಗಳಲ್ಲಿ ಸ್ಟಿಯರಿಂಗ್ ನೆಟ್ಟಗಿಟ್ಟು ಹೊರಡುವುದು ಮುಖ್ಯ. ಚಕ್ರ ತಿರುಗಿಸಿಟ್ಟು ಲಾಂಚ್ ಮಾಡಿದರೆ ಸಿವಿ ಜಾಯಿಂಟಿಗೆ ಓರೆಯಲ್ಲೇ ಪೆಟ್ಟು ಬೀಳುತ್ತದೆ.

ಸರದಿಗೆ ಕಾಯುವಾಗ ಕ್ಲಚ್ ತುಳಿದು ಗೇರಿನಲ್ಲಿ ನಿಲ್ಲಬಾರದು, ನ್ಯೂಟ್ರಲ್‌ನಲ್ಲಿರಬೇಕು. ಒಂದು ಓಟಕ್ಕೂ ಮತ್ತೊಂದಕ್ಕೂ ನಡುವೆ ಕ್ಲಚ್ ತಣಿಯಲು ಬಿಡಬೇಕು. ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ರೇಸ್ ಕೊಟ್ಟಾಗ ಎಂಜಿನ್ ಸದ್ದು ಏರಿಯೂ ಕಾರಿನ ವೇಗ ಏರದಿದ್ದರೆ ಪ್ಲೇಟ್ ಮುಗಿದಂತೆ.

ಇಷ್ಟೆಲ್ಲ ಮಾಡಿ ಸಿಗುವ ಲಾಭ ಸೆಕೆಂಡಿನ ಒಂದು ಭಾಗ. ಕಾರು ಸ್ಟಾರ್ಟ್ ಗೆರೆ ದಾಟಿ ಅದರಾಚೆಗಿನ ಬೆಳಕಿನ ಕಿರಣವನ್ನು ಕತ್ತರಿಸಿದಾಗಲೇ ಗಡಿಯಾರ ಓಡುವ ವ್ಯವಸ್ಥೆ ಇದ್ದಲ್ಲಿ, ಅವಸರದಿಂದ ಹೊರಟವನಿಗೆ ಹೆಚ್ಚಿನ ಲಾಭವೂ ಇಲ್ಲ. ಅಮೆರಿಕದ ಎಸ್‌ಸಿಸಿಎ ಸಂಸ್ಥೆಯ ನಿಯಮದಲ್ಲಿ ಒಂದು ಕೋನ್ ಕೆಡವಿದರೆ 2 ಸೆಕೆಂಡ್ ದಂಡ. ಯಾವ ಲಾಂಚೂ ಅದನ್ನು ತುಂಬಿಕೊಡದು.

ಅಭ್ಯಾಸಕ್ಕೆ ಮುಂಡಾಜೆಯ ಹೆದ್ದಾರಿಯಾಗಲೀ ಚಾರ್ಮಾಡಿಯ ಹಿಮ್ಮುರಿ ತಿರುವುಗಳಾಗಲೀ ಜಾಗವಲ್ಲ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ 3 ತಿಂಗಳವರೆಗೆ ಸೆರೆಮನೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.