ಘಟ್ಟದ ರೈಲು ಮತ್ತು ಕ್ಯಾಸೆಟ್ಟಿನ ಕತ್ತಲೆ

ಸಕಲೇಶಪುರ ಘಟ್ಟವನ್ನು ಇಳಿಯುವ ರೈಲಿನ ಹಳೆಯ ವಿಡಿಯೋ ಎಲ್ಲಾದರೂ ಸಿಕ್ಕಿದರೆ ನಾವು ಅದನ್ನು ಕೂಡಲೇ ನಾಲ್ಕು ಜನರಿಗೆ ತೋರಿಸುತ್ತೇವೆ. ಮಂಜು, ತೊರೆ, ಸೇತುವೆ, ತಿರುವಿನಲ್ಲಿ ಬಾಗಿ ಕಾಣುವ ಬೋಗಿಗಳು. ನೋಡುತ್ತಿದ್ದವರಲ್ಲಿ ಒಬ್ಬರಾದರೂ 'ಬ್ರಿಟಿಷರ ಕಾಲದ ರೈಲು, ಆ ಕಾಲವೇ ಬೇರೆ' ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಈ ರೈಲು ಬ್ರಿಟಿಷರದ್ದಲ್ಲ.

ಬ್ರಿಟಿಷರ ಕಾಲದ ರೈಲು ಮಂಗಳೂರಿಗೆ 1907ರಲ್ಲಿ ಬಂದದ್ದು ಕೇರಳದ ಕಡೆಯಿಂದ. ಅಂದು ಮಂಗಳೂರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹಳಿಗಳೂ ಮದರಾಸಿನತ್ತಲೇ ಮುಖ ಮಾಡಿದ್ದವು. 1956ರಲ್ಲಿ ರಾಜ್ಯ ಒಂದಾಯಿತು, ಹಳಿಗಳು ಒಂದಾಗಲಿಲ್ಲ. ಕರಾವಳಿಯವರು ತಮ್ಮದೇ ರಾಜಧಾನಿಗೆ ರೈಲಿನಲ್ಲಿ ಹೋಗಬೇಕಾದರೆ ಶೊರನೂರು, ಪಾಲಕ್ಕಾಡ್ ದಾರಿಯಾಗಿ ಎರಡು ನೆರೆರಾಜ್ಯಗಳನ್ನು ಸುತ್ತಬೇಕಿತ್ತು. ಸ್ವತಂತ್ರ ಭಾರತವು ಕಾಡು ಕಡಿದು, ಬಂಡೆ ಒಡೆದು ಹಾಸನ–ಮಂಗಳೂರು ಮಾರ್ಗವನ್ನು ತೆರೆದದ್ದು 1979ರಲ್ಲಿ.

ಈ ಮಾರ್ಗದ ಕಠಿಣ ಭಾಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್. ಅಷ್ಟರಲ್ಲೇ 57 ಸುರಂಗ, 109 ಸೇತುವೆ. ಪ್ರತಿ 50 ಅಡಿಗೆ 1 ಅಡಿ ಏರು. ನಮ್ಮ ನೆನಪಿನಲ್ಲಿ ಅನಾದಿ ಕಾಲದ್ದೆಂಬಂತೆ ಕುಳಿತಿರುವ ಆ ಮೀಟರ್ ಗೇಜ್ ರೈಲು ಘಟ್ಟದಲ್ಲಿ ಓಡಿದ್ದು ಹದಿನೇಳು ವರ್ಷ ಮಾತ್ರ. ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಘಟ್ಟದ ಸಂಚಾರ ನಿಂತಿತು. ಮತ್ತೆ ಸರಕು ಗಾಡಿ ಓಡಲು 2006, ಪ್ರಯಾಣಿಕರ ರೈಲು ಓಡಲು 2007ರ ಡಿಸೆಂಬರ್ ಬರಬೇಕಾಯಿತು. ಹನ್ನೊಂದು ವರ್ಷ ಜನ ಬಸ್ಸುಗಳಲ್ಲಿ ಶಿರಾಡಿಯ ಹೊಂಡಗಳನ್ನು ಎಣಿಸಿದರು. ರೈಲಿನ ಮೇಲಿನ ಮೋಹ ಬೆಳೆದದ್ದು ಅದಿಲ್ಲದ ಆ ವರ್ಷಗಳಲ್ಲೇ ಇರಬೇಕು.

ಅದೇ ಕಾಲದಲ್ಲಿ ಕರಾವಳಿಗೆ ವಿಡಿಯೋ ಕ್ಯಾಮೆರಾವೂ ಬಂತು. ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಸೆಂಟು, ಟೇಪ್ ರೆಕಾರ್ಡರುಗಳ ಜೊತೆ ಅದೂ ಇರುತ್ತಿತ್ತು. ಮದುವೆ, ಮಕ್ಕಳು, ಪ್ರವಾಸ ಎಲ್ಲವೂ ಕ್ಯಾಸೆಟ್ಟಿಗೆ ಸೇರಿದವು. ಘಟ್ಟದ ಪ್ರಯಾಣವನ್ನು ಇಂಥ ಕ್ಯಾಮೆರಾದಲ್ಲಿ ಹಿಡಿದರೆ ಹಸಿರು ಸ್ವಲ್ಪ ಹೊತ್ತು, ಮತ್ತೆ ಕತ್ತಲೆ. ಸುರಂಗದಿಂದ ಹೊರಬಂದೊಡನೆ ಚಿತ್ರವೆಲ್ಲ ಬೆಳ್ಳಗೆ, ಆಮೇಲೆ ಮತ್ತೆ ಹಸಿರು. ಕತ್ತಲೆ ಬಂದಾಗ ನಾವು ವಿಡಿಯೋವನ್ನು ಮುಂದಕ್ಕೆ ಓಡಿಸುತ್ತೇವೆ.

ಈ ಮಾರ್ಗದ ಚರಿತ್ರೆ ಇರುವುದು ನಾವು ಓಡಿಸಿಬಿಡುವ ಆ ಕತ್ತಲೆಯಲ್ಲಿ. ಜಿಗಣೆ, ಜಡಿಮಳೆಗಳ ನಡುವೆ ಬಂಡೆ ಕೊರೆದವರು ಯಾರು, ಯಾವ ಊರಿನವರು, ಎಷ್ಟು ಕೂಲಿ ಪಡೆದರು? ಕಿಟಕಿಯ ಪಕ್ಕದಲ್ಲಿ ಕುಳಿತ ಕ್ಯಾಮೆರಾ ಅದನ್ನು ಹೇಳುವುದಿಲ್ಲ. ಯಡಕುಮೇರಿ, ಶಿರಿಬಾಗಿಲುಗಳಂಥ ಕಾಡಿನ ನಿಲ್ದಾಣಗಳಲ್ಲಿ ರಾತ್ರಿ ಕಳೆದವರು, ಮಳೆಯಲ್ಲಿ ಹಳಿಯುದ್ದಕ್ಕೂ ನಡೆದು ಬಿರುಕು, ಕುಸಿತಗಳನ್ನು ನೋಡುವ ಗ್ಯಾಂಗ್‌ಮನ್‌ಗಳು ಚಿತ್ರದಲ್ಲಿ ಬಂದರೂ ಕ್ಷಣಮಾತ್ರ ಬಂದು ಹಿಂದೆ ಸರಿಯುತ್ತಾರೆ. 2024ರ ಜುಲೈನಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ಪ್ರಯಾಣಿಕರ ರೈಲುಗಳು ಸುಮಾರು ಎರಡು ವಾರ ನಿಂತವು. ಮಳೆಯ ನಡುವೆಯೇ ನೂರಾರು ಕಾರ್ಮಿಕರು ದುಡಿದ ಮೇಲಷ್ಟೇ ದಾರಿ ತೆರೆಯಿತು. ನಮಗೆ ಸೌಂದರ್ಯವಾಗಿ ಕಾಣುವ ಅದೇ ಮಳೆ ಅವರಿಗೆ ಪಾಳಿಯ ಕೆಲಸ.

2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳು ಈ ಘಟ್ಟಕ್ಕೆ ಬಂದಿವೆ. ನೋಡಲು ಅನುಕೂಲ ಹೆಚ್ಚಿದೆ, ಅದು ಸಂತೋಷವೇ. ಆದರೆ ಟೇಪು ಶಾಶ್ವತವಲ್ಲ, ನಮ್ಮ ಕರಾವಳಿಯ ತೇವಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಮನುಷ್ಯನ ನೆನಪೂ ಹಾಗೆಯೇ. ಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟುಗಳನ್ನು ಈಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳೋಣ. ಜೊತೆಗೆ, ಆ ಹಳಿಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ಊರಲ್ಲಿದ್ದರೆ ಒಂದು ಸಂಜೆ ಹೋಗಿ ಕೂತು ಕೇಳೋಣ. 1979ಕ್ಕೆ ಮೊದಲು ಬಂಡೆಗೆ ಉಳಿ ಹಿಡಿದ ಯುವಕರು ಈಗ ಎಪ್ಪತ್ತು ದಾಟಿದ್ದಾರೆ. ಅವರ ಮಾತು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ.