ದ್ರವ್ಯ, ಗುಣ, ಪ್ರಸಾದ: ಗ್ರೀಕ್ ತತ್ತ್ವ, ಕ್ಯಾಥೊಲಿಕ್ ಚಿಂತನೆ ಮತ್ತು ಬಾದಾಮಿ ಪರಿಸರ

ಒಂದು ಧರ್ಮವು ತನ್ನ ಶ್ರದ್ಧೆಯನ್ನು ವಿವರಿಸಲು ಅನ್ಯಮೂಲದ ಪರಿಭಾಷೆಯನ್ನು ಸ್ವೀಕರಿಸಿದಾಗ ಆ ಪರಿಭಾಷೆ ಮೊದಲಿನಂತೆಯೇ ಉಳಿಯುವುದಿಲ್ಲ. ಕ್ಯಾಥೊಲಿಕ್ ಚಿಂತನೆಯ ಮೇಲೆ ಗ್ರೀಕ್ ತತ್ತ್ವಶಾಸ್ತ್ರ ಬೀರಿದ ಪ್ರಭಾವ ಇದಕ್ಕೆ ನಿದರ್ಶನ. ಸಂತ ಅಗಸ್ಟೀನನು (354–430) ಪ್ಲೇಟೋವಿನ ಪರಂಪರೆಯನ್ನು ಮುಖ್ಯವಾಗಿ ನವ್ಯಪ್ಲೇಟೋವಾದಿಗಳ ಮೂಲಕ ಅರಿತನು. ಅರಿಸ್ಟಾಟಲನ ಬಹುಪಾಲು ಕೃತಿಗಳು 12–13ನೆಯ ಶತಮಾನಗಳಲ್ಲಿ ಅರಬ್ಬಿ ಹಾಗೂ ಗ್ರೀಕ್ ಭಾಷೆಗಳಿಂದ ಲ್ಯಾಟಿನ್ನಿಗೆ ಬಂದವು. ಅವನ್ನು ಕ್ರೈಸ್ತ ದೇವಶಾಸ್ತ್ರದೊಡನೆ ಬೆಸೆದವರಲ್ಲಿ ಥಾಮಸ್ ಅಕ್ವಿನಾಸನು (ಮರಣ 1274) ಪ್ರಮುಖನು.

ಈ ಬೆಸುಗೆಯ ಸ್ವರೂಪ ಪರಮಪ್ರಸಾದದ ವಿವರಣೆಯಲ್ಲಿ ಸ್ಪಷ್ಟವಾಗುತ್ತದೆ. ಬಲಿಪೂಜೆಯಲ್ಲಿ ರೊಟ್ಟಿಯ ದ್ರವ್ಯವು ಕ್ರಿಸ್ತನ ಶರೀರವಾಗಿ ಪರಿವರ್ತನೆಗೊಂಡರೂ ಬಣ್ಣ, ರುಚಿ, ಆಕಾರಗಳು ಹಾಗೆಯೇ ಉಳಿಯುತ್ತವೆಂಬುದು ಅಕ್ವಿನಾಸನ ನಿರೂಪಣೆ. ದ್ರವ್ಯ ಮತ್ತು ಗುಣಗಳ ಈ ವಿಭಾಗ ಅರಿಸ್ಟಾಟಲನದು. ಆದರೆ ಅವನ ಮತದಲ್ಲಿ ಗುಣಗಳು ತಮ್ಮ ದ್ರವ್ಯವನ್ನು ಬಿಟ್ಟು ಇರಲಾರವು. ಇಲ್ಲಿ ಅವು ದೈವಶಕ್ತಿಯಿಂದ ನಿಲ್ಲುತ್ತವೆಂದು ಅಕ್ವಿನಾಸನು ಸಾಧಿಸಬೇಕಾಯಿತು. 1551ರಲ್ಲಿ ಟ್ರೆಂಟ್ ಮಹಾಸಭೆಯು ದ್ರವ್ಯಪರಿವರ್ತನೆಯ ಬೋಧೆಯನ್ನು ಎತ್ತಿಹಿಡಿಯಿತು.

ಈ ಸಮಸ್ಯೆ ಬಾದಾಮಿ ಪರಿಸರಕ್ಕೆ ಅಪರಿಚಿತವಲ್ಲ. ಇಲ್ಲಿಯ ನಾಲ್ಕು ಪ್ರಮುಖ ಗುಹಾಲಯಗಳಲ್ಲಿ ಒಂದು ಶೈವ, ಎರಡು ವೈಷ್ಣವ, ಒಂದು ಜೈನ, ಮೂರನೆಯದರಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ನಾಲ್ಕನೆಯ ಗುಹೆ ಪ್ರತಿನಿಧಿಸುವ ಜೈನದರ್ಶನದಲ್ಲಿ ದ್ರವ್ಯವು ಸ್ಥಿರ, ಪರ್ಯಾಯಗಳು ಮಾತ್ರ ಬದಲಾಗುತ್ತವೆ. ಪರಮಪ್ರಸಾದದ ವಿವರಣೆ ಇದಕ್ಕೆ ವಿಪರ್ಯಾಸ: ಅಲ್ಲಿ ದ್ರವ್ಯ ಬದಲಾಗುತ್ತದೆ, ತೋರಿಕೆ ಉಳಿಯುತ್ತದೆ. ಹುನಗುಂದ ತಾಲೂಕಿನ ಕೂಡಲಸಂಗಮದೊಡನೆ ಬೆಸೆದ ಶರಣ ಪರಂಪರೆಯಲ್ಲಾದರೋ ಅರ್ಪಿತವಾದ ಪದಾರ್ಥ ಪದಾರ್ಥವಾಗಿ ಉಳಿಯದೆ ಪ್ರಸಾದವಾಗುತ್ತದೆ. ಆದರೆ ಇಲ್ಲಿ ಒತ್ತು ಬೀಳುವುದು ಅರ್ಪಣೆಯ ಭಾವದ ಮೇಲೆ, ದ್ರವ್ಯವಿಚಾರದ ಮೇಲಲ್ಲ.

ಇಳಕಲ್ಲಿಗೆ ಪೂರ್ವದಲ್ಲಿರುವ ಮುದಗಲ್ ಹಳೆಯ ಕ್ಯಾಥೊಲಿಕ್ ನೆಲೆ. ದಕ್ಷಿಣದ ಶ್ರೀರಂಗಪಟ್ಟಣದಲ್ಲಿ 17ನೆಯ ಶತಮಾನದ ಮಧ್ಯಭಾಗದಲ್ಲಿ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯು ಕನ್ನಡ ಕಲಿತು ಧರ್ಮಬೋಧೆಯ ಗ್ರಂಥಗಳನ್ನು ರಚಿಸಿದನು. ಜೆಸ್ವಿಟರ 1599ರ ಶಿಕ್ಷಣಕ್ರಮವು ತತ್ತ್ವಶಾಸ್ತ್ರಕ್ಕೆ ಅರಿಸ್ಟಾಟಲನನ್ನೂ ದೇವಶಾಸ್ತ್ರಕ್ಕೆ ಅಕ್ವಿನಾಸನನ್ನೂ ಆಧಾರವಾಗಿರಿಸಿತ್ತು. ಹೀಗೆ ಗ್ರೀಕ್ ವಿಚಾರದಲ್ಲಿ ಪಳಗಿದ ಪಾದ್ರಿಗಳು ಕನ್ನಡ ನಾಡಿಗೆ ಬಂದರು.

ಆದರೂ ಕನ್ನಡ ಕ್ಯಾಥೊಲಿಕರ ನಿತ್ಯದ ಮಾತಿನಲ್ಲಿ ನೆಲೆನಿಂತದ್ದು ಅರಿಸ್ಟಾಟಲನ ಪರಿಭಾಷೆಯಲ್ಲ, ಪ್ರಸಾದವೆಂಬ ಈ ನೆಲದ ಪದ. ಶಾಸ್ತ್ರವು ಪರಿಭಾಷೆಯಿಂದ ಪಯಣಿಸಿದರೆ ಶ್ರದ್ಧೆಯು ಜನರ ನುಡಿಯಿಂದ ಬೇರುಬಿಡುತ್ತದೆ. ಕನ್ನಡದ ಧಾರ್ಮಿಕ ಪದಕೋಶದ ಅಧ್ಯಯನವು ಈ ಎರಡನ್ನೂ ಜೊತೆಯಾಗಿ ಪರಿಗಣಿಸುವುದು ಅಗತ್ಯ.