22ನೇ ಬಾಗಿಲಿನ ಕಥೆ

ಆಫೀಸಿನ ಡೇಟಾಬೇಸ್ ಮುಂಬೈನಲ್ಲಿದೆ, ಲೆಕ್ಕ ನೋಡೋರು ಪುಣೆಯ ಮನೆಯಲ್ಲಿದ್ದಾರೆ. ಅವರಿಗೆ ಕಂಪ್ಯೂಟರ್‌ನ ಒಳಗುಟ್ಟು ಗೊತ್ತಿಲ್ಲ. ಸುರಕ್ಷಿತ ದಾರಿ ಮಾಡಿಕೊಡೋದು ಹೇಗೆ? ಈ ದಾರಿಯ ಕಥೆ ಶುರುವಾಗೋದು ಫಿನ್ಲೆಂಡಿನಲ್ಲಿ.

1995. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದರು. ದೂರದ ಕಂಪ್ಯೂಟರ್ ಬಳಸಲು ಆಗ ಇದ್ದದ್ದು ಟೆಲ್‌ನೆಟ್. ಅದು ಪಾಸ್‌ವರ್ಡನ್ನು ಪೋಸ್ಟ್‌ಕಾರ್ಡಿನ ಹಾಗೆ ತೆರೆದೇ ಕಳಿಸುತ್ತಿತ್ತು. ಅಲ್ಲಿನ ಸಂಶೋಧಕ ತಾತು ಯೂಲೊನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದರು. ಇದರಲ್ಲಿ ಎರಡು ತುದಿಗಳ ನಡುವಿನ ಮಾತೆಲ್ಲ ಗೂಢಲಿಪಿ. ಎಫ್‌ಟಿಪಿಯ ಪೋರ್ಟ್, ಅಂದ್ರೆ ಬಾಗಿಲು, 21, ಟೆಲ್‌ನೆಟ್‌ನದು 23. ನಡುವಿನ 22 ಇದಕ್ಕೆ ಸಿಕ್ಕಿತು.

ಎಸ್‌ಎಸ್‌ಎಚ್‌ನಿಂದ ಸುರಂಗವನ್ನೂ ಮಾಡಬಹುದು. ಆಗ ಡೇಟಾಬೇಸ್ ಹೊರಗಿನವರಿಗೆ ಕಾಣಬೇಕಾಗೇ ಇಲ್ಲ. ಸುರಂಗದಿಂದ ಬಂದವರಿಗಷ್ಟೇ ಪ್ರವೇಶ.

ಆದ್ರೂ 2017ರ ಜನವರಿಯಲ್ಲಿ ಏನಾಯ್ತು ನೋಡಿ. ಪಾಸ್‌ವರ್ಡೇ ಇಲ್ಲದೆ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಕಳ್ಳರು ಅಳಿಸಿಹಾಕಿ, ವಾಪಸ್ ಬೇಕಾದರೆ ಹಣ ಕೊಡಿ ಅಂದರು. ಬೀಗ ಬಂದು 20 ವರ್ಷ ದಾಟಿತ್ತು, ಹಾಕಿರಲಿಲ್ಲ ಅಷ್ಟೆ.

ಹಾಕಬೇಕಾದವರು ಯಾರು? ಲೆಕ್ಕ ನೋಡೋರಲ್ಲ, ಡೇಟಾಬೇಸ್ ನಡೆಸೋರು. ಸುರಂಗ ಅವರೇ ಕಟ್ಟಿ, ಬಳಸೋರಿಗೆ ಒತ್ತಲು ಒಂದು ಐಕಾನ್ ಕೊಡಬೇಕು. ಒಬ್ಬೊಬ್ಬರಿಗೂ ಬೇರೆ ಕೀ. ನೋಡೋದಷ್ಟೇ ಕೆಲಸವಾದರೆ ಓದುವ ಅನುಮತಿ ಮಾತ್ರ. ಕೆಲಸ ಬಿಟ್ಟವರ ಕೀ ಅವತ್ತೇ ರದ್ದು. ಸುರಕ್ಷಿತ ದಾರಿ ಕಷ್ಟವಾದರೆ ಜನ ಪಾಸ್‌ವರ್ಡನ್ನು ವಾಟ್ಸಾಪ್‌ನಲ್ಲಿ ಕಳಿಸ್ತಾರೆ. ಆಗ ಬೀಗ ಇದ್ದೂ ಹಾಕದ ಹಾಗೆ, ಅಲ್ವಾ?